ಒಂದೇ ದಿನಾಂಕ, ಹಲವು ಘಟನೆಗಳು: ‘ಇತಿಹಾಸದಲ್ಲಿ ಈ ದಿನ’ ಪಟ್ಟಿ ತಯಾರಿಸಲು ಸಮಗ್ರ ಮಾರ್ಗದರ್ಶಿ

ಜುಲೈ 4 ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಅಮೆರಿಕದ ಸ್ವಾತಂತ್ರ್ಯ ದಿನ. ಅದೇ ತಾರೀಖಿಗೆ ಬೇರೆ ನೆನಪುಗಳೂ ಇವೆ. 1187ರಲ್ಲಿ ಮುಸ್ಲಿಂ ದೊರೆ ಸಲಾದಿನ್‌ನ ಸೇನೆ ಹತ್ತೀನ್ ಎಂಬಲ್ಲಿ ಕ್ರುಸೇಡರ್‌ಗಳನ್ನು, ಅಂದರೆ ಧರ್ಮಯುದ್ಧಕ್ಕೆ ಬಂದಿದ್ದ ಯುರೋಪಿನ ಕ್ರೈಸ್ತ ಯೋಧರನ್ನು, ಸೋಲಿಸಿತು. 1902ರಲ್ಲಿ ಕಲ್ಕತ್ತದ ಹತ್ತಿರದ ಬೇಲೂರು ಮಠದಲ್ಲಿ ಸ್ವಾಮಿ ವಿವೇಕಾನಂದರು ತೀರಿಕೊಂಡರು. 1934ರಲ್ಲಿ ಮೇರಿ ಕ್ಯೂರಿ ತೀರಿಕೊಂಡರು. 1954ರಲ್ಲಿ ಪಶ್ಚಿಮ ಜರ್ಮನಿ ಹಂಗೇರಿಯನ್ನು 3–2ರಿಂದ ಸೋಲಿಸಿ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. 2012ರಲ್ಲಿ ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ವಿಜ್ಞಾನಿಗಳು ಹಿಗ್ಸ್ ಬೋಸಾನ್‌ಗೆ ಹೊಂದುವ ಹೊಸ ಕಣವೊಂದು ಸಿಕ್ಕಿದೆ ಎಂದು ಪ್ರಕಟಿಸಿದರು.

ಹೀಗೆ ಸಾಲಾಗಿ ಜೋಡಿಸಿಟ್ಟರೆ ಓದಲು ಚೆನ್ನಾಗಿರುತ್ತದೆ. ಶಾಲೆಯ ಬೆಳಗಿನ ಪ್ರಾರ್ಥನೆ, ಆಫೀಸಿನ ನೋಟಿಸ್ ಬೋರ್ಡು, ರೇಡಿಯೊ, ವಾಟ್ಸಾಪ್ ಗುಂಪು, ಕ್ವಿಜ್, ಎಲ್ಲ ಕಡೆ ಇಂಥ ಪಟ್ಟಿ ಬೇಕಾಗುತ್ತದೆ. ನೆಟ್‌ನಲ್ಲಿ ಹುಡುಕಿ ನಾಲ್ಕು ಸಾಲು ಎತ್ತಿ ಅಂಟಿಸಿದರೆ ಕೆಲಸ ಮುಗೀತಲ್ವಾ ಅನಿಸಬಹುದು. ಮುಗಿಯುವುದಿಲ್ಲ. ನಾನು ಕಂಡ ಮಟ್ಟಿಗೆ ಇಂಥ ಪಟ್ಟಿಗಳಲ್ಲಿನ ತಪ್ಪುಗಳು ಮೂರು ಪ್ರಶ್ನೆಗಳನ್ನು ಕೇಳದೆ ಬಿಟ್ಟದ್ದರಿಂದಲೇ ಬರುತ್ತವೆ. ಈ ದಿನಾಂಕ ಘಟನೆಯ ಯಾವ ಗಳಿಗೆಯದು? ಯಾವ ಕ್ಯಾಲೆಂಡರಿನದು? ಯಾವ ಜಾಗದ ಗಡಿಯಾರದ್ದು? ಈ ಮೂರನ್ನೂ ಕೇಳುವ ಅಭ್ಯಾಸ ಮಾಡಿಕೊಳ್ಳುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ. ಉದಾಹರಣೆಗೆ ಜುಲೈ 4ನ್ನೇ ಇಟ್ಟುಕೊಳ್ಳೋಣ. ಬೇಕಾದಾಗ ಬೇರೆ ದಿನಾಂಕಗಳನ್ನೂ ಎಳೆದು ತರುತ್ತೇನೆ.

ಹಂತ 1: ಯಾರಿಗೆ, ಎಷ್ಟು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ರೇಡಿಯೊದಲ್ಲಿ ಓದಲು ಮೂರು ಘಟನೆ ಸಾಕು. ನೋಟಿಸ್ ಬೋರ್ಡಿಗೆ ಐದಾರು. ಲೇಖನ ಬರೆಯುವುದಾದರೆ ಎಣಿಕೆಗಿಂತ ಅವುಗಳ ನಡುವಿನ ಎಳೆ ಮುಖ್ಯ. ಕ್ವಿಜ್‌ಗಾದರೆ ಒಂದೇ ಉತ್ತರ ಇರುವ ಘಟನೆಗಳು ಮಾತ್ರ ಬೇಕು. ವಾದಕ್ಕೆ ಎಡೆ ಇರುವ ದಿನಾಂಕವನ್ನು ಕ್ವಿಜ್‌ಗೆ ಹಾಕಿದರೆ ಜಗಳ ಗ್ಯಾರಂಟಿ.

ನಿಮಗೆ ಐದು ಬೇಕಾದರೆ ಇಪ್ಪತ್ತಾದರೂ ಕೂಡಿಸಿ. ಪರಿಶೀಲನೆಯಲ್ಲಿ ಎಷ್ಟು ಉದುರುತ್ತವೆ ಎಂದು ಮೊದಲೇ ಹೇಳಲಾಗದು.

ಹಂತ 2: ಕೂಡಿಸಿ, ಆದರೆ ಕೋಷ್ಟಕದಲ್ಲಿ ಕೂಡಿಸಿ

ಸುಮ್ನೆ ಸಾಲು ಸಾಲಾಗಿ ಬರೆಯುತ್ತಾ ಹೋಗಬೇಡಿ. ಒಂದು ಕೋಷ್ಟಕ ಮಾಡಿ. ಅದರಲ್ಲಿ ವರ್ಷ, ತಿಂಗಳು, ದಿನ ಇವಕ್ಕೆ ಬೇರೆ ಬೇರೆ ಕಾಲಂ ಇರಲಿ. ಅದರ ಪಕ್ಕದಲ್ಲಿ ಕ್ಯಾಲೆಂಡರು, ಜಾಗ, ಅಲ್ಲಿನ ಸಮಯ, ನಿಖರವಾಗಿ ಏನಾಯಿತು, ಎಲ್ಲಿ ಓದಿದ್ದು, ಇನ್ನೆಲ್ಲಿ ಖಚಿತವಾಯಿತು ಎಂಬ ಕಾಲಂಗಳು ಬರಲಿ. ದಿನಾಂಕವನ್ನು ಮೂರು ಕಾಲಂಗೆ ಒಡೆಯಲು ಕಾರಣ ಇದೆ. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ದಿನಾಂಕ ಎಂದು ಗುರುತಿಸುವುದೇ ಇಲ್ಲ. ಒಂದೇ ಕಾಲಂನಲ್ಲಿ ಹಾಕಿದರೆ ಆಮೇಲೆ ವರ್ಷದ ಪ್ರಕಾರ ಜೋಡಿಸುವಾಗ ಎಲ್ಲ ಕಲಸಿಹೋಗುತ್ತದೆ.

ಅಂಕೆಗಳಲ್ಲೇ ಬರೆದ ದಿನಾಂಕ ಕಂಡರೆ ನಿಂತು ನೋಡಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರ 7/4 ಎಂದರೆ ಜುಲೈ 4. ದಿನವನ್ನು ಮೊದಲು ಬರೆಯುವ ನಮ್ಮಂಥವರಿಗೆ ಅದು ಏಪ್ರಿಲ್ 7. ಎಲ್ಲರಿಗೂ ಗೊತ್ತಿರುವ 9/11 ಸೆಪ್ಟೆಂಬರ್ 11. ಅದನ್ನೇ ಒಬ್ಬ ಜರ್ಮನ್ ತನ್ನ ರೂಢಿಯಂತೆ ಓದಿದರೆ ಬರ್ಲಿನ್ ಗೋಡೆ ತೆರೆದ ನವೆಂಬರ್ 9 ಆಗುತ್ತದೆ. ಹಾಗಾಗಿ ನಿಮ್ಮ ಕೋಷ್ಟಕದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಹುಡುಕುವುದು ಎಲ್ಲಿ? ವಿಶ್ವಕೋಶಗಳ ದಿನಾಂಕದ ಪುಟದಿಂದ ಶುರುಮಾಡಬಹುದು. ಅದು ಸುಳಿವಿಗೆ ಮಾತ್ರ. ಖಚಿತಪಡಿಸಿಕೊಳ್ಳಲು ಆ ಘಟನೆಗೆ ಸಂಬಂಧಿಸಿದ ಸಂಸ್ಥೆಯ ಪುಟಕ್ಕೇ ಹೋಗಿ. ಬಾಹ್ಯಾಕಾಶ ಯಾನವಾದರೆ ಆ ಸಂಸ್ಥೆಯ ಯಾನದ ಪುಟ, ಕಾನೂನಾದರೆ ಸಂಸತ್ತಿನ ದಾಖಲೆ, ವ್ಯಕ್ತಿಯಾದರೆ ಒಳ್ಳೆಯ ಜೀವನಚರಿತ್ರೆ. ಹಳೆಯ ಪತ್ರಿಕೆಗಳೂ ಒಳ್ಳೆಯ ಆಕರ. ಒಂದು ವಿಷಯ ನೆನಪಿಡಿ: ಜುಲೈ 5ರ ಪತ್ರಿಕೆಯಲ್ಲಿ ಇರುವುದು ಜುಲೈ 4ರ ಸುದ್ದಿ. ಪತ್ರಿಕೆಯ ನೆತ್ತಿಯ ಮೇಲಿನ ದಿನಾಂಕವನ್ನೇ ಘಟನೆಯ ದಿನಾಂಕ ಎಂದು ಬರೆದುಕೊಳ್ಳುವವರು ಬಹಳ ಜನ. ನಿಧನ ವಾರ್ತೆಗಳಲ್ಲಿ ಇದು ಇನ್ನೂ ಜಾಸ್ತಿ.

ಇಂಗ್ಲಿಷ್ ಮೂಲಗಳನ್ನು ಮಾತ್ರ ನೋಡಿದರೆ ಜುಲೈ 4ರ ಪಟ್ಟಿ ಪೂರ್ತಿ ಅಮೆರಿಕಮಯ ಆಗುತ್ತದೆ. ಅದಕ್ಕೇ ಬೇಕೆಂದೇ ಬೇರೆ ದಿಕ್ಕುಗಳಲ್ಲಿ ಹುಡುಕಬೇಕು. ಆಫ್ರಿಕಾದಲ್ಲಿ ಏನಾಯಿತು ಎಂದು ಕೇಳಿದರೆ 1994ರ ಕಿಗಾಲಿ ಸಿಗುತ್ತದೆ. ರುವಾಂಡದ ನರಮೇಧದ ಕೊನೆಯ ಹೊತ್ತಿನಲ್ಲಿ ಬಂಡುಕೋರ ಸೇನೆ ಆ ರಾಜಧಾನಿಯನ್ನು ವಶಕ್ಕೆ ತೆಗೆದುಕೊಂಡ ದಿನ ಅದು. ಏಷ್ಯಾದಲ್ಲಿ ಏನಾಯಿತು ಎಂದರೆ 1943ರ ಸಿಂಗಾಪುರ ಸಿಗುತ್ತದೆ. ಅಲ್ಲಿ ಸುಭಾಷ್‌ಚಂದ್ರ ಬೋಸರು ಭಾರತೀಯ ಸ್ವಾತಂತ್ರ್ಯ ಲೀಗಿನ ನಾಯಕತ್ವ ವಹಿಸಿಕೊಂಡರು. ಯುರೋಪಿನಲ್ಲಿ 1807ರಲ್ಲಿ ನೀಸ್ ಊರಿನಲ್ಲಿ ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ ಹುಟ್ಟಿದ. ಹೀಗೆ ದಿಕ್ಕು ದಿಕ್ಕಿಗೂ ಒಂದೊಂದು ಪ್ರಶ್ನೆ ಹಾಕಿದರೆ ಪಟ್ಟಿಯ ಬಣ್ಣವೇ ಬದಲಾಗುತ್ತದೆ.

ಹಂತ 3: ಘಟನೆಯ ಯಾವ ಗಳಿಗೆ?

ಮೂರು ಪ್ರಶ್ನೆಗಳಲ್ಲಿ ಇದು ಮೊದಲನೆಯದು. ದೊಡ್ಡ ಘಟನೆಗಳು ಒಂದು ಕ್ಷಣದಲ್ಲಿ ಆಗುವುದಿಲ್ಲ. ಅಮೆರಿಕದ ಸ್ವಾತಂತ್ರ್ಯವನ್ನೇ ನೋಡಿ. ಬ್ರಿಟನ್ನಿನಿಂದ ಬೇರೆಯಾಗಬೇಕು ಎಂದು ಫಿಲಡೆಲ್ಫಿಯಾದ ಸಭೆ ಮತ ಹಾಕಿದ್ದು 1776ರ ಜುಲೈ 2ರಂದು. ಜುಲೈ 4ರಂದು ಆದದ್ದು ಘೋಷಣೆಯ ಪಠ್ಯಕ್ಕೆ ಒಪ್ಪಿಗೆ. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. ಆ ಸಭೆಯಲ್ಲಿದ್ದ ಜಾನ್ ಆಡಮ್ಸ್ ಮತ ಹಾಕಿದ ಮರುದಿನವೇ, ಅಂದರೆ ಜುಲೈ 3ರಂದು, ಹೆಂಡತಿಗೆ ಕಾಗದ ಬರೆದು, ಮುಂದಿನ ತಲೆಮಾರುಗಳು ಜುಲೈ 2ನ್ನು ದೊಡ್ಡ ಹಬ್ಬದಂತೆ ಆಚರಿಸುತ್ತವೆ ಎಂದಿದ್ದರು. ಹಬ್ಬ ಆಯಿತು, ಆದರೆ ಎರಡು ದಿನ ತಡವಾಗಿ. ಮುದ್ರಿತ ಘೋಷಣೆಯ ಮೇಲೆ ಇದ್ದ ದಿನಾಂಕ ಜುಲೈ 4. ಜನರ ಮನಸ್ಸಿನಲ್ಲಿ ಅದೇ ಉಳಿಯಿತು.

ಹಾಗಾದರೆ ‘1776 ಜುಲೈ 4: ಅಮೆರಿಕದ ಘೋಷಣೆಗೆ ಸಹಿ ಬಿತ್ತು’ ಎಂದು ಬರೆದರೆ ತಪ್ಪು. ‘ಘೋಷಣೆಯ ಪಠ್ಯವನ್ನು ಒಪ್ಪಿದರು’ ಎಂದರೆ ಸರಿ. ಕ್ರಿಯಾಪದ ಒಂದು ಬದಲಾದರೆ ಸಾಕು, ಸಾಲು ಸರಿಹೋಗುತ್ತದೆ.

ವಿಜ್ಞಾನದ ಘಟನೆಗಳಲ್ಲಿ ಕಂಡುಹಿಡಿದ ದಿನ, ಪ್ರಕಟಿಸಿದ ದಿನ, ಲೇಖನ ಅಚ್ಚಾದ ದಿನ ಮೂರೂ ಬೇರೆ ಬೇರೆ. ಹಿಗ್ಸ್ ಕಣದ ಸುಳಿವು ತಿಂಗಳುಗಟ್ಟಲೆ ಕೂಡಿಸಿದ ಮಾಹಿತಿಯಲ್ಲಿ ನಿಧಾನವಾಗಿ ಮೂಡಿಬಂತು. 2012ರ ಜುಲೈ 4 ಅದನ್ನು ಪ್ರಕಟಿಸಿದ ದಿನ. ಯುದ್ಧದ ವಿಚಾರದಲ್ಲಿ ಕದನ ನಿಂತದ್ದು, ಶರಣಾಗತಿ ಸಾರಿದ್ದು, ಸಹಿ ಹಾಕಿದ್ದು ಬೇರೆ ಬೇರೆ ದಿನ. ಜಪಾನಿನ ಶರಣಾಗತಿಯನ್ನು ಚಕ್ರವರ್ತಿ ರೇಡಿಯೊದಲ್ಲಿ ಸಾರಿದ್ದು 1945ರ ಆಗಸ್ಟ್ 15ರಂದು, ಪತ್ರಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 2ರಂದು. ಕಾನೂನುಗಳಲ್ಲಿ ಅಂಗೀಕಾರ ಒಂದು ದಿನ, ಜಾರಿ ಇನ್ನೊಂದು ದಿನ. ಭಾರತದ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು, ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು.

ನಡುರಾತ್ರಿ ದಾಟುವ ಘಟನೆಗಳು ಇನ್ನೊಂದು ತಲೆನೋವು. ಟೈಟಾನಿಕ್ ಹಿಮಗಡ್ಡೆಗೆ ಬಡಿದದ್ದು 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ. ಮುಳುಗಿದ್ದು 15ರ ನಸುಕಿನ 2.20ಕ್ಕೆ. ಎರಡೂ ಹಡಗಿನ ಗಡಿಯಾರದ ಲೆಕ್ಕ. ‘ಟೈಟಾನಿಕ್ ದುರಂತ’ ಎಂದು ಬರೆದರೆ ಎರಡೂ ದಿನಕ್ಕೆ ಸೇರುತ್ತದೆ. ‘ಮುಳುಗಿತು’ ಎಂದರೆ 15ಕ್ಕೆ ಮಾತ್ರ.

ಹಂತ 4: ಯಾವ ಕ್ಯಾಲೆಂಡರು?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹಳೆಯ ಘಟನೆಗಳ ಪಟ್ಟಿ ಕೆಡುವುದೇ ಇಲ್ಲಿ.

ಜೂಲಿಯಸ್ ಸೀಸರ್ ತಂದ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365.25 ದಿನ. ನಿಜವಾದ ಸೌರವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಶತಮಾನಗಳಲ್ಲಿ ಆ ನಿಮಿಷಗಳು ದಿನಗಳಾದವು. 1582ರಲ್ಲಿ ಪೋಪ್ 13ನೇ ಗ್ರೆಗರಿ ಅದನ್ನು ಸರಿಪಡಿಸಿದ. ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15ರ ಶುಕ್ರವಾರ ಬಂತು. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಅದೇ ರಾತ್ರಿ, ಅಂದರೆ 4 ಮತ್ತು 15ರ ನಡುವಿನ ರಾತ್ರಿ!

ಎಲ್ಲ ದೇಶಗಳೂ ಒಟ್ಟಿಗೆ ಬದಲಾಗಿದ್ದರೆ ತೊಂದರೆ ಇರುತ್ತಿರಲಿಲ್ಲ. ಬ್ರಿಟನ್ ಮತ್ತು ಅದರ ವಸಾಹತುಗಳು ಬದಲಾದದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ನಂತರ ನೇರವಾಗಿ 14. ರಷ್ಯಾದಲ್ಲಿ 1918ರ ಜನವರಿ 31ರ ನಂತರ ಫೆಬ್ರವರಿ 14. ಗ್ರೀಸ್‌ನಲ್ಲಿ 1923ರ ಫೆಬ್ರವರಿ 15ರ ನಂತರ ಮಾರ್ಚ್ 1. ಈ ನಡುವಿನ ಕಾಲದಲ್ಲಿ ಒಂದೇ ದಿನಕ್ಕೆ ಎರಡು ದೇಶಗಳಲ್ಲಿ ಎರಡು ತಾರೀಖು. ವ್ಯತ್ಯಾಸ ಮೊದಲಿಗೆ 10 ದಿನ, 1700ರಿಂದ 11, 1800ರಿಂದ 12, 1900ರಿಂದ 13.

ಇದರಿಂದ ಏನಾಗುತ್ತದೆ ನೋಡಿ. ಏಪ್ರಿಲ್ 23ನ್ನು ಯುನೆಸ್ಕೊ ವಿಶ್ವ ಪುಸ್ತಕ ದಿನವಾಗಿ ಆಚರಿಸುತ್ತದೆ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ಸತ್ತರು ಎಂದು ಪ್ರತಿ ವರ್ಷ ಪಟ್ಟಿಗಳಲ್ಲಿ ಬರುತ್ತದೆ. ಆಗ ಸ್ಪೇನಿನಲ್ಲಿ ಹೊಸ ಕ್ಯಾಲೆಂಡರು, ಇಂಗ್ಲೆಂಡಿನಲ್ಲಿ ಹಳೆಯದು. ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನ ಲೆಕ್ಕದಲ್ಲಿ ಮೇ 3. ಸರ್ವಾಂಟಿಸ್ ಸತ್ತದ್ದು ಏಪ್ರಿಲ್ 22ರಂದು, 23 ಮಣ್ಣು ಮಾಡಿದ ದಿನ. ಅಂದರೆ ಇಬ್ಬರ ಸಾವಿನ ನಡುವೆ 11 ದಿನಗಳ ಅಂತರ ಇದೆ. ‘ಒಂದೇ ದಿನ ಸತ್ತರು’ ಎಂಬುದು ತಪ್ಪು. ‘ಒಂದೇ ತಾರೀಖಿಗೆ ಇಬ್ಬರನ್ನೂ ನೆನೆಯುತ್ತಾರೆ’ ಎಂಬುದು ಸರಿ.

ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬ ಮಾತೂ ಇಂಥದ್ದೇ. ಗೆಲಿಲಿಯೊ ಸತ್ತದ್ದು 1642ರ ಜನವರಿ 8, ಹೊಸ ಲೆಕ್ಕದಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಹಳೆಯ ಲೆಕ್ಕದಲ್ಲಿ. ಇಬ್ಬರಿಗೂ ಹೊಸ ಕ್ಯಾಲೆಂಡರನ್ನೇ ಹಿಡಿದರೆ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾನೆ, ವರ್ಷವೇ ತಪ್ಪುತ್ತದೆ.

ಇಂಗ್ಲೆಂಡಿನ ಹಳೆಯ ದಾಖಲೆಗಳಲ್ಲಿ ಇನ್ನೊಂದು ಗುಂಡಿ ಇದೆ. 1752ರ ತನಕ ಅಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ದೊರೆ ಮೊದಲನೇ ಚಾರ್ಲ್ಸ್‌ನ ತಲೆ ತೆಗೆದ ಜನವರಿ 30 ನಮಗೆ 1649, ಆಗಿನ ಕಡತಗಳಲ್ಲಿ 1648. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದುಕೊಂಡದ್ದು 1731ರ ಫೆಬ್ರವರಿ 11. ಈಗಿನ ಲೆಕ್ಕದಲ್ಲಿ ಅದು 1732ರ ಫೆಬ್ರವರಿ 22. ದಿನವೂ ಬೇರೆ, ವರ್ಷವೂ ಬೇರೆ.

ಹಾಗಾದರೆ ನಾವು ಯಾವುದನ್ನು ಬರೆಯಬೇಕು? ನಾನು ಅನುಸರಿಸುವ ಕ್ರಮ ಹೀಗಿದೆ. 1582ಕ್ಕಿಂತ ಹಿಂದಿನ ಯುರೋಪಿನ ಘಟನೆಗಳನ್ನು ಜೂಲಿಯನ್ ದಿನಾಂಕದಲ್ಲೇ ಬಿಡುತ್ತೇನೆ. ಇತಿಹಾಸಕಾರರ ರೂಢಿಯೂ ಅದೇ. ಹತ್ತೀನ್ ಕದನದ ಜುಲೈ 4 ಅಂಥ ದಿನಾಂಕ. ಅದನ್ನು ಈಗಿನ ಕ್ಯಾಲೆಂಡರಿಗೆ ತಿರುಗಿಸಿದರೆ ಜುಲೈ 11 ಆಗುತ್ತದೆ, ಆದರೆ ಹಾಗೆ ತಿರುಗಿಸಿ ಯಾರೂ ಬರೆಯುವುದಿಲ್ಲ. 1582ರಿಂದ ಆಯಾ ದೇಶ ಬದಲಾಗುವ ತನಕದ ಘಟನೆಗಳಿಗೆ ಎರಡೂ ದಿನಾಂಕ ಕೋಷ್ಟಕದಲ್ಲಿ ಬರೆದುಕೊಳ್ಳುತ್ತೇನೆ. ಪಟ್ಟಿಯಲ್ಲಿ ಹಾಕುವಾಗ ಆ ದೇಶದವರು ಯಾವ ದಿನ ಆಚರಿಸುತ್ತಾರೋ ಅದನ್ನು ಹಿಡಿದು, ಇನ್ನೊಂದನ್ನು ಅರ್ಧ ಸಾಲಿನಲ್ಲಿ ಹೇಳುತ್ತೇನೆ. ರಷ್ಯಾದ ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ರ ಪಟ್ಟಿಗೆ ಹಾಕಿ, ‘ಆಗಿನ ರಷ್ಯನ್ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 25’ ಎಂದರೆ ಓದುವವರ ಗೊಂದಲವೂ ಹೋಗುತ್ತದೆ, ಹೆಸರಿನ ಕಾರಣವೂ ತಿಳಿಯುತ್ತದೆ.

ಬೇರೆ ಸಂಪ್ರದಾಯಗಳ ದಾಖಲೆಗಳಿಗೆ ತಜ್ಞರು ಮಾಡಿಟ್ಟ ಪರಿವರ್ತನೆಯನ್ನೇ ನಂಬಿ. 1054ರಲ್ಲಿ ಚೀನಾದ ಖಗೋಳ ಅಧಿಕಾರಿಗಳು ಹೊಸ ‘ಅತಿಥಿ ನಕ್ಷತ್ರ’ ಕಂಡ ದಿನವನ್ನು ಜೂಲಿಯನ್ ಲೆಕ್ಕದ ಜುಲೈ 4 ಎಂದು ಗುರುತಿಸಿದ್ದಾರೆ. ಯಹೂದಿ ಮತ್ತು ಇಸ್ಲಾಮಿಕ್ ಕ್ಯಾಲೆಂಡರಿನಲ್ಲಿ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಅಲ್ಲಿ ಸಂಜೆಯ ಘಟನೆಯಾದರೆ ಒಂದು ದಿನ ಹೆಚ್ಚುಕಮ್ಮಿ ಆಗುವುದು ಸುಲಭ.

ವಾರದ ದಿನ ಒಂದು ಒಳ್ಳೆಯ ಒರೆಗಲ್ಲು. ಕ್ಯಾಲೆಂಡರು ಬದಲಾದಾಗ ತಾರೀಖು ಹಾರಿತೇ ಹೊರತು ವಾರದ ಸರಣಿ ಮುರಿಯಲಿಲ್ಲ. ಹಳೆಯ ದಾಖಲೆಯಲ್ಲಿ ‘ಶುಕ್ರವಾರ’ ಎಂದಿದ್ದರೆ ಅದನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಕೊಲಂಬಸ್ ನೆಲ ಕಂಡ 1492ರ ಅಕ್ಟೋಬರ್ 12 ಶುಕ್ರವಾರ. ಈಗಿನ ಎಷ್ಟೋ ಕಂಪ್ಯೂಟರ್ ಪ್ರೋಗ್ರಾಮುಗಳು ಹೊಸ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದು ಅದನ್ನು ಬುಧವಾರ ಎನ್ನುತ್ತವೆ. ಹೀಗೆ ವಾರ ಹೊಂದದಿದ್ದರೆ ಎಲ್ಲೋ ಕ್ಯಾಲೆಂಡರು ಅದಲುಬದಲಾಗಿದೆ ಎಂದೇ ಅರ್ಥ.

ಹಂತ 5: ಯಾವ ಜಾಗದ ಗಡಿಯಾರ?

ಭೂಮಿಯ ಮೇಲಿನ ಘಟನೆಗೆ ನಿಯಮ ಸರಳ. ಎಲ್ಲಿ ನಡೆಯಿತೋ ಅಲ್ಲಿನ ತಾರೀಖು. ಸುದ್ದಿ ಓದಿದವರ ಊರಿನ ತಾರೀಖಲ್ಲ.

ಸರಳವಾದರೂ ಇದು ವಿಚಿತ್ರ ಫಲ ಕೊಡುತ್ತದೆ. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ್ದು ಹವಾಯಿಯ 1941ರ ಡಿಸೆಂಬರ್ 7ರ ಬೆಳಗ್ಗೆ. ಮಲಯದ ಕೋಟ ಬಾರು ತೀರದಲ್ಲಿ ಜಪಾನಿ ಸೈನಿಕರು ಇಳಿಯತೊಡಗಿದ್ದು ಡಿಸೆಂಬರ್ 8ರಂದು. ತಾರೀಖು ನೋಡಿದರೆ ಪರ್ಲ್ ಹಾರ್ಬರ್ ಮೊದಲು ಅನಿಸುತ್ತದೆ. ನಿಜದಲ್ಲಿ ಕೋಟ ಬಾರು ದಾಳಿಯೇ ಒಂದು ಗಂಟೆಗೂ ಹೆಚ್ಚು ಮೊದಲು ಶುರುವಾಗಿತ್ತು. ನಡುವೆ ಇರುವುದು ದಿನಾಂಕ ರೇಖೆ, ಅಂದರೆ ದಾಟಿದ ಕೂಡಲೇ ತಾರೀಖು ಬದಲಾಗುವ ಗೆರೆ. ಯುರೋಪಿನ ಯುದ್ಧ ಮುಗಿದ ದಿನವೂ ಹೀಗೇ. ಜರ್ಮನಿ ಬರ್ಲಿನ್ನಿನಲ್ಲಿ ಶರಣಾದಾಗ ಪಶ್ಚಿಮದವರಿಗೆ 1945ರ ಮೇ 8ರ ತಡರಾತ್ರಿ. ಮಾಸ್ಕೋದಲ್ಲಿ ಆಗಲೇ ಮೇ 9. ಅದಕ್ಕೇ ರಷ್ಯಾ ಇಂದಿಗೂ ವಿಜಯ ದಿನವನ್ನು 9ಕ್ಕೆ ಆಚರಿಸುತ್ತದೆ.

ಬಾಹ್ಯಾಕಾಶಕ್ಕೆ ಹೋದರೆ ‘ಅಲ್ಲಿನ ತಾರೀಖು’ ಎಂಬುದೇ ಇಲ್ಲ. ಅಪೊಲೊ 11 ಚಂದ್ರನ ಮೇಲೆ ಇಳಿದದ್ದು 1969ರ ಜುಲೈ 20ರಂದು, ವಿಶ್ವ ಸಮಯ (ಇಡೀ ಜಗತ್ತಿಗೆ ಸಾಮಾನ್ಯವಾದ ಗಡಿಯಾರ, UTC) 20.17ಕ್ಕೆ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು ವಿಶ್ವ ಸಮಯದಲ್ಲಿ ಜುಲೈ 21ರ 02.56ಕ್ಕೆ. ಅಮೆರಿಕದಲ್ಲಿ ಆಗಿನ್ನೂ 20ರ ರಾತ್ರಿ. ಭಾರತದಲ್ಲಾದರೆ ನೌಕೆ ಇಳಿಯುವ ಹೊತ್ತಿಗೇ 21 ಆಗಿತ್ತು.

ನಮ್ಮ ಜುಲೈ 4ರಲ್ಲಿ ಇದಕ್ಕೆ ಇನ್ನೂ ಚೆಂದದ ಜೋಡಿ ಸಿಗುತ್ತದೆ. 2005ರಲ್ಲಿ ಡೀಪ್ ಇಂಪ್ಯಾಕ್ಟ್ ನೌಕೆಯಿಂದ ಬಿಟ್ಟ ತುಂಡು ಟೆಂಪಲ್ 1 ಧೂಮಕೇತುವಿಗೆ ಬಡಿಯಿತು. ವಿಶ್ವ ಸಮಯದಲ್ಲಿ ಅದು ಜುಲೈ 4. ಯಾನವನ್ನು ನಡೆಸುತ್ತಿದ್ದ ಕ್ಯಾಲಿಫೋರ್ನಿಯಾದ ಕೋಣೆಯಲ್ಲಿ ಆಗ ಜುಲೈ 3ರ ರಾತ್ರಿ. 2016ರಲ್ಲಿ ಜೂನೊ ನೌಕೆ ಗುರುಗ್ರಹದ ಕಕ್ಷೆ ಸೇರಿತು. ಆಗ ಅದೇ ಕ್ಯಾಲಿಫೋರ್ನಿಯಾದಲ್ಲಿ ಜುಲೈ 4ರ ರಾತ್ರಿ, ವಿಶ್ವ ಸಮಯದಲ್ಲಿ ಜುಲೈ 5. ಒಂದೇ ಅಳತೆಗೋಲು ಹಿಡಿದರೆ ಎರಡರಲ್ಲಿ ಒಂದು ಪಟ್ಟಿಯಿಂದ ಹೊರಗೆ ಹೋಗಲೇಬೇಕು. ಎರಡನ್ನೂ ಸೇರಿಸುವ ಆಸೆಗೆ ಅಳತೆಗೋಲನ್ನೇ ಬದಲಿಸುವುದು ಮೋಸ. ನಾನು ವಿಶ್ವ ಸಮಯ ಹಿಡಿಯುತ್ತೇನೆ. ಹಾಗಾಗಿ ಜೂನೊ 5ಕ್ಕೆ ಹೋಗುತ್ತದೆ.

ಹಂತ 6: ತಾರೀಖು ಕೂಡಿಬಂದದ್ದು ಏಕೆ?

ದಿನಾಂಕ ಗಟ್ಟಿಯಾದ ಮೇಲೆ ನಿಜವಾದ ಮಜಾ ಶುರು. ಒಂದೇ ತಾರೀಖಿಗೆ ಬಿದ್ದ ಘಟನೆಗಳೆಲ್ಲ ಕಾಕತಾಳೀಯ ಅಲ್ಲ. ಕೆಲವನ್ನು ಬೇಕೆಂದೇ ಆ ದಿನಕ್ಕೆ ಇಟ್ಟಿರುತ್ತಾರೆ.

ಫಿಲಿಪೀನ್ಸ್‌ಗೆ ಅಮೆರಿಕ ಸ್ವಾತಂತ್ರ್ಯ ಕೊಟ್ಟದ್ದು 1946ರ ಜುಲೈ 4ರಂದು. ತನ್ನ ಹಬ್ಬದ ದಿನವೇ ಕೊಟ್ಟದ್ದು. 1962ರಲ್ಲಿ ಫಿಲಿಪೀನ್ಸ್ ತನ್ನ ಸ್ವಾತಂತ್ರ್ಯ ದಿನವನ್ನು ಜೂನ್ 12ಕ್ಕೆ ಬದಲಿಸಿಕೊಂಡಿತು. ಅದು 1898ರಲ್ಲಿ ಅವರೇ ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ದಿನ. ವಾಷಿಂಗ್ಟನ್ ಸ್ಮಾರಕಕ್ಕೆ ಅಡಿಗಲ್ಲು ಬಿದ್ದದ್ದು 1848ರ ಜುಲೈ 4ಕ್ಕೆ. ಬಾಲ್ಟಿಮೋರ್–ಒಹಾಯೊ ರೈಲುಮಾರ್ಗದ ಮೊದಲ ಕಲ್ಲು 1828ರ ಜುಲೈ 4ಕ್ಕೆ. ಅದನ್ನು ಇಟ್ಟದ್ದು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಬದುಕುಳಿದಿದ್ದ ಕೊನೆಯವರಾದ ಚಾರ್ಲ್ಸ್ ಕ್ಯಾರಲ್. 1863ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ವಿಕ್ಸ್‌ಬರ್ಗ್ ಕೋಟೆ ಶರಣಾದದ್ದೂ ಜುಲೈ 4ಕ್ಕೇ. ಹಬ್ಬದ ದಿನ ಶರಣಾದರೆ ಎದುರಾಳಿ ಒಳ್ಳೆಯ ಷರತ್ತು ಕೊಡುತ್ತಾನೆ ಎಂದು ಆ ಕೋಟೆಯ ಸೇನಾಪತಿ ಪೆಂಬರ್ಟನ್ ಲೆಕ್ಕ ಹಾಕಿದ್ದ. ಇಂಥವನ್ನು ‘ಎಂಥ ಕಾಕತಾಳೀಯ!’ ಎಂದು ಬರೆಯಬೇಡಿ. ಏಕೆ ಆರಿಸಿದರು ಎಂದು ಬರೆಯಿರಿ.

ಇನ್ನು ಕೆಲವು ತಾರೀಖುಗಳಲ್ಲಿ ಹಿಂದಿನ ಘಟನೆಯ ನೆನಪೇ ಮುಂದಿನ ಘಟನೆಗೆ ದಾರಿ ಮಾಡುತ್ತದೆ. ಜರ್ಮನಿಯ ನವೆಂಬರ್ 9 ಇದಕ್ಕೆ ಒಳ್ಳೆಯ ಉದಾಹರಣೆ. 1918ರಲ್ಲಿ ಅಂದು ಗಣರಾಜ್ಯ ಘೋಷಣೆ ಆಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ವಿಫಲವಾಯಿತು. ಆಮೇಲೆ ನಾಜಿಗಳು ಪ್ರತಿ ವರ್ಷ ಆ ದಿನ ಮ್ಯೂನಿಕ್‌ನಲ್ಲಿ ಸೇರತೊಡಗಿದರು. 1938ರಲ್ಲಿ ಹಾಗೆ ನಾಯಕರೆಲ್ಲ ಸೇರಿದ್ದಾಗಲೇ ಪ್ಯಾರಿಸ್ಸಿನಲ್ಲಿ ಗುಂಡೇಟು ತಿಂದಿದ್ದ ಜರ್ಮನ್ ರಾಜತಾಂತ್ರಿಕ ಸತ್ತ ಸುದ್ದಿ ಬಂತು. ನಾಜಿ ಪ್ರಚಾರ ಮಂತ್ರಿ ಗೋಬೆಲ್ಸ್ ಅಲ್ಲೇ ಉರಿಗೆ ತುಪ್ಪ ಸುರಿಯುವ ಭಾಷಣ ಮಾಡಿದ. ಆ ರಾತ್ರಿ ದೇಶದ ತುಂಬ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. 1923 ಮತ್ತು 1938ರ ನಡುವೆ ನಂಟು ಇದೆ. 1989ರಲ್ಲಿ ಬರ್ಲಿನ್ ಗೋಡೆ ಅದೇ ತಾರೀಖಿಗೆ ತೆರೆದದ್ದು ಮಾತ್ರ ಆಕಸ್ಮಿಕ. ಪೂರ್ವ ಜರ್ಮನಿಯ ವಕ್ತಾರ ಪತ್ರಿಕಾಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ‘ಈಗಿಂದಲೇ’ ಜಾರಿ ಎಂದು ಅವಸರದಲ್ಲಿ ಹೇಳಿಬಿಟ್ಟದ್ದರಿಂದ ಜನ ಗಡಿಗೆ ನುಗ್ಗಿದರು. ಒಂದೇ ತಾರೀಖಿನೊಳಗೆ ನಂಟೂ ಇದೆ, ಆಕಸ್ಮಿಕವೂ ಇದೆ. ಎರಡನ್ನೂ ಬಿಡಿಸಿ ಹೇಳುವುದೇ ನಿಮ್ಮ ಕೆಲಸ.

ನಿಜವಾದ ಕಾಕತಾಳೀಯಗಳೂ ಉಂಟು. ಲಿಂಕನ್ ಮತ್ತು ಡಾರ್ವಿನ್ ಇಬ್ಬರೂ ಹುಟ್ಟಿದ್ದು 1809ರ ಫೆಬ್ರವರಿ 12ರಂದು. ಇದರಲ್ಲಿ ಗುಟ್ಟು ಹುಡುಕಬೇಡಿ. 23 ಜನರನ್ನು ಒಂದು ಕೋಣೆಯಲ್ಲಿ ಸೇರಿಸಿದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಇತಿಹಾಸದ ಕೋಣೆಯಲ್ಲಿ ಇರುವವರು ಲಕ್ಷಾಂತರ ಜನ.

ನಡುವೆ ಎಲ್ಲೋ ನಿಲ್ಲುವ ಪ್ರಕರಣ ಒಂದಿದೆ. ಅಮೆರಿಕದ ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ಸತ್ತದ್ದು 1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ. ಜೆಫರ್ಸನ್ ಮಧ್ಯಾಹ್ನ, ಆಡಮ್ಸ್ ಸಂಜೆ. ಐದು ವರ್ಷದ ನಂತರ ಇನ್ನೊಬ್ಬ ಮಾಜಿ ಅಧ್ಯಕ್ಷ ಮನ್ರೋ ಕೂಡ ಅದೇ ತಾರೀಖಿಗೆ ಸತ್ತರು. ಜೆಫರ್ಸನ್ ಕೊನೆಯ ರಾತ್ರಿ ‘ನಾಲ್ಕನೇ ತಾರೀಖು ಆಯಿತಾ?’ ಎಂಬರ್ಥದಲ್ಲಿ ಕೇಳಿದ್ದನ್ನು ಹಾಸಿಗೆಯ ಪಕ್ಕ ಇದ್ದವರು ಬರೆದಿಟ್ಟಿದ್ದಾರೆ. ಆ ದಿನದ ತನಕ ಉಸಿರು ಹಿಡಿದುಕೊಂಡಿದ್ದರೋ, ಸುಮ್ನೆ ಹಾಗಾಯಿತೋ? ಓದುವವರಿಗೇ ಬಿಡಿ. ನೀವು ತೀರ್ಪು ಕೊಡಬೇಕಾಗಿಲ್ಲ.

ಹಂತ 7: ಕೈಬಿಡಿ

ಎರಡು ಕಡೆ ಖಚಿತವಾಗದ್ದು ಹೊರಗೆ. ‘ಪರಂಪರೆಯ ಪ್ರಕಾರ’ ಎಂದು ಮಾತ್ರ ಸಿಗುವ ಪ್ರಾಚೀನ ದಿನಾಂಕಗಳು ಹೊರಗೆ. ರೋಮ್ ನಗರ ಕ್ರಿ.ಪೂ. 753ರ ಏಪ್ರಿಲ್ 21ರಂದು ಸ್ಥಾಪನೆ ಆಯಿತು ಎಂಬುದು ಅಂಥದ್ದು. ಹಾಕಲೇಬೇಕಾದರೆ ‘ರೋಮನ್ನರು ಹಾಗೆ ನಂಬಿದ್ದರು’ ಎಂದು ಹಾಕಿ. ‘ಪ್ರಪಂಚದಲ್ಲೇ ಮೊದಲು’ ಎಂದು ಹೇಳುವ ಸಾಲುಗಳನ್ನು ಇನ್ನೊಮ್ಮೆ ನೋಡಿ. ಎಲ್ಲ ಸರಿಯಿದ್ದೂ ಯಾಕೆ ಮುಖ್ಯ ಎಂದು ಒಂದು ಸಾಲಿನಲ್ಲಿ ಹೇಳಲಾಗದ ಘಟನೆಯೂ ಬೇಡ.

ಹಂತ 8: ಬರೆಯುವುದು

ಒಂದು ಘಟನೆಗೆ ಎರಡು ವಾಕ್ಯ ಇಟ್ಟುಕೊಳ್ಳಿ. ಮೊದಲನೆಯದು ಏನಾಯಿತು, ಎರಡನೆಯದು ಅದರಿಂದ ಏನಾಯಿತು. ‘1776: ಅಮೆರಿಕ ಸ್ವಾತಂತ್ರ್ಯ ಪಡೆಯಿತು’ ಎಂದು ಬರೆದರೆ ಅರ್ಧ ಮಾತ್ರ ಸತ್ಯ. ‘1776: ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಸಭೆ ಸ್ವಾತಂತ್ರ್ಯ ಘೋಷಣೆಯ ಪಠ್ಯವನ್ನು ಒಪ್ಪಿತು. ಬ್ರಿಟನ್ ಅದನ್ನು ಮಾನ್ಯ ಮಾಡಿದ್ದು ಯುದ್ಧ ಮುಗಿದು 1783ರಲ್ಲಿ’ ಎಂದರೆ ಪೂರ್ತಿ ಚಿತ್ರ ಸಿಗುತ್ತದೆ.

‘ಇಂದಿಗೆ ಇಷ್ಟು ವರ್ಷದ ಹಿಂದೆ’ ಎಂದು ಬರೆಯಬೇಡಿ. ಮುಂದಿನ ವರ್ಷ ಅದೇ ಪಟ್ಟಿ ತೆಗೆದಾಗ ಅದು ತಪ್ಪಾಗಿರುತ್ತದೆ. ವರ್ಷವನ್ನೇ ಬರೆಯಿರಿ.

ವರ್ಷದ ಕ್ರಮದಲ್ಲಿ ಜೋಡಿಸುವುದು ರೂಢಿ. ಕೆಲವೊಮ್ಮೆ ಎಳೆ ಹಿಡಿದು ಜೋಡಿಸಿದರೆ ಓದು ಚೆನ್ನಾಗಿರುತ್ತದೆ. ಜುಲೈ 4ರಲ್ಲಿ ಆಕಾಶದ ಎಳೆ ಹಿಡಿದರೆ 1054ರ ನಕ್ಷತ್ರದಿಂದ ಶುರುಮಾಡಬಹುದು. ಅದು ಹಗಲಲ್ಲೂ 23 ದಿನ ಕಾಣುತ್ತಿತ್ತು. ಆ ಸ್ಫೋಟದ ಉಳಿಕೆಯೇ ಇಂದಿನ ಏಡಿ ನೀಹಾರಿಕೆ. ಅಲ್ಲಿಂದ 1997ಕ್ಕೆ ಬಂದರೆ ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿದದ್ದು. ಅದರೊಳಗಿನ ಸೊಜರ್ನರ್ ಮಂಗಳದ ನೆಲದಲ್ಲಿ ಓಡಾಡಿದ ಮೊದಲ ರೋವರ್. ಆಮೇಲೆ 2005ರ ಧೂಮಕೇತು. ಮೂರೇ ಘಟನೆ, ರೇಡಿಯೊಗೆ ಹೇಳಿ ಮಾಡಿಸಿದ ಹಾಗಿದೆ.

ಸಾವುನೋವಿನ ಘಟನೆಗಳಲ್ಲಿ ಹದ ತಪ್ಪಬಾರದು. ಫಿಲಿಪೀನ್ಸ್ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದ ಅದೇ 1946ರ ಜುಲೈ 4ರಂದು ಪೋಲೆಂಡಿನ ಕಿಯೆಲ್ಸ್ ಊರಿನಲ್ಲಿ ಸುಳ್ಳು ಸುದ್ದಿಯೊಂದನ್ನು ನಂಬಿದ ಗುಂಪು, ನಾಜಿಗಳ ನರಮೇಧದಿಂದ ಬದುಕಿ ಬಂದಿದ್ದ ಯಹೂದಿಗಳ ಮೇಲೆ ಬಿದ್ದು 42 ಜನರನ್ನು ಕೊಂದಿತು. ಇದನ್ನು ಬಿಡಬೇಕಾಗಿಲ್ಲ. ಆದರೆ ಫುಟ್‌ಬಾಲ್ ಗೆಲುವಿನ ಸಾಲಿಗೆ ಅಂಟಿಸಿ ಇಡಬೇಡಿ, ಉದ್ಗಾರ ಚಿಹ್ನೆ ಹಾಕಬೇಡಿ. ಕೊಂದವರು ಯಾರು, ಸತ್ತವರು ಯಾರು ಎಂಬುದು ವಾಕ್ಯದಲ್ಲಿ ಸ್ಪಷ್ಟವಾಗಿರಲಿ.

ಹಂತ 9: ಕೋಷ್ಟಕವನ್ನು ಎಸೆಯಬೇಡಿ

ಪಟ್ಟಿ ಹಾಕಿದ ಮೇಲೆ ಯಾರಾದರೂ ‘ಇದು 5ನೇ ತಾರೀಖಲ್ವಾ?’ ಎಂದು ಕೇಳೇ ಕೇಳುತ್ತಾರೆ. ಆಗ ಉತ್ತರ ಕೊಡಲು ಕೋಷ್ಟಕ ಬೇಕು. ಕೈಬಿಟ್ಟ ಘಟನೆಗಳನ್ನೂ ಕಾರಣದ ಸಮೇತ ಅದರಲ್ಲೇ ಇಡಿ. ಇಲ್ಲವಾದರೆ ಮುಂದಿನ ವರ್ಷ ಅದೇ ಜೂನೊ, ಅದೇ ಸಹಿಯ ಕಥೆ ಮತ್ತೆ ಒಳಗೆ ಬರುತ್ತವೆ.

ಎರಡನೇ ದಿನಾಂಕಕ್ಕೆ ಸೆಪ್ಟೆಂಬರ್ 11 ತೆಗೆದುಕೊಳ್ಳಿ, ಒಳ್ಳೆಯ ಅಭ್ಯಾಸವಾಗುತ್ತದೆ. 1893ರಲ್ಲಿ ಷಿಕಾಗೊ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರ ಭಾಷಣ. 1906ರಲ್ಲಿ ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಗಾಂಧೀಜಿ ಪಾಲ್ಗೊಂಡ, ಸತ್ಯಾಗ್ರಹಕ್ಕೆ ನಾಂದಿಯಾದ ಪ್ರತಿಜ್ಞೆಯ ಸಭೆ. 1973ರಲ್ಲಿ ಚಿಲಿಯಲ್ಲಿ ಅಧ್ಯಕ್ಷ ಅಯೆಂದೆಯ ಸರ್ಕಾರವನ್ನು ಸೇನೆ ಉರುಳಿಸಿದ್ದು. 2001ರಲ್ಲಿ ಅಮೆರಿಕದ ಮೇಲಿನ ದಾಳಿ. ನಾಲ್ಕಕ್ಕೂ ಮೂರು ಪ್ರಶ್ನೆಗಳನ್ನು ಹಾಕಿ. ಕ್ಯಾಲೆಂಡರಿನ ತಕರಾರು ಇಲ್ಲಿ ಬರುವುದಿಲ್ಲ. ಗಡಿಯಾರದ್ದು ಬರುತ್ತದೆ: ನ್ಯೂಯಾರ್ಕಿನಲ್ಲಿ ಬೆಳಗ್ಗೆ 8.46ಕ್ಕೆ ಮೊದಲ ವಿಮಾನ ಬಡಿದಾಗ ನ್ಯೂಜಿಲೆಂಡಿನಲ್ಲಿ ನಡುರಾತ್ರಿ ದಾಟಿ 12ನೇ ತಾರೀಖು ಆಗಿತ್ತು. ಆಮೇಲೆ 1893 ಮತ್ತು 2001ನ್ನು ವಿಧಿಯ ಆಟ ಎಂಬಂತೆ ಜೋಡಿಸುವ ಸಾಲುಗಳು ನೆಟ್‌ನಲ್ಲಿ ಸಿಗುತ್ತವೆ. ಅವನ್ನು ಹಂತ 6ರ ಪ್ರಶ್ನೆಗೆ ಒಡ್ಡಿ ನೋಡಿ.